ಮೊರಾಕೊದ ಸಲಾಂ, ಪೆರುವಿನ ಗಿರಿಯಪ್ಪ

“ಸಲಾಂ, ನೀನು ಮೊರಾಕೊ. ಟ್ರೀಸಾ ಬ್ರೆಜಿಲ್. ಗಿರಿಯಪ್ಪಣ್ಣ ಪೆರು. ಯಾರ ಬಾಯಿಂದಾದ್ರೂ ತುಳು ಹೊರಗೆ ಬಂತೋ, ಖಲಾಸ್!”

ಮ್ಯಾನೇಜರ್ ಯಜ್ಞೇಶ್ ಹಣೆಯ ಬೆವರು ಒರೆಸಿಕೊಂಡ. ಎಸಿ ಜೋರಾಗಿಯೇ ಓಡುತ್ತಿತ್ತು. ಅಮೆರಿಕದ ಹೆಡ್ ಆಫೀಸಿನಿಂದ ಬಂದ ಸೈಮನ್ ಕೆಳಗೆ ಲಿಫ್ಟ್ ಹತ್ತಿದ್ದಾನೆಂದು ಸೆಕ್ಯುರಿಟಿಯವನು ಆಗಷ್ಟೇ ಫೋನ್ ಮಾಡಿದ್ದ.

“ಪೆರುವಿನಲ್ಲಿ ಎಂತ ತಿಂತಾರೆ ಯಜ್ಞೇಶಾ? ಕೇಳಿದ್ರೆ ಎಂತ ಹೇಳುದು?” ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಯೊಳಗೆ ಗಿರಿಯಪ್ಪ ಬೇಯುತ್ತಿದ್ದ.

“ಬಟಾಟೆ ಹೇಳಿ. ಮತ್ತೆ ನಗಾಡಿಕೊಂಡು ಸುಮ್ಮನಿರಿ.”

ತಾನಾಗಿ ತೆರೆಯುವ ಗಾಜಿನ ಬಾಗಿಲು ಮಾರುವ ಕಂಪನಿ ಅದು. ಕತಾರ್ ದೇಶದ ಲುಸೈಲ್‌ನ ಶಾಖೆಯಲ್ಲಿ ಇದ್ದದ್ದೇ ನಾಲ್ಕು ಜನ. ಎರಡು ವರ್ಷಗಳ ಹಿಂದೆ ಹೆಡ್ ಆಫೀಸು ತರಬೇತಿಗೆಂದು ಒಂದು ವಿಡಿಯೊ ಕಳಿಸಿತ್ತು. ಅಮೆರಿಕದಲ್ಲಿ ಕಪ್ಪು ಜನರಿಗೆ ಒಂದು ಕಾಲದಲ್ಲಿ ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು, ಒಳ್ಳೆಯ ಬೀದಿಯಲ್ಲಿ ಮನೆಯೇ ಇಲ್ಲ. ಆದ್ದರಿಂದ ಇನ್ನು ಮುಂದೆ ಪ್ರತಿ ಶಾಖೆಯಲ್ಲೂ ಬಗೆಬಗೆಯ ಹಿನ್ನೆಲೆಯ ಜನರಿರಬೇಕು ಎಂದು ನಿಯಮ. ಅದನ್ನು ನೋಡುತ್ತ ಯಜ್ಞೇಶನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಇಲ್ಲಿ ‘ಬಾಡಿಗೆಗಿದೆ’ ಎಂಬ ಬೋರ್ಡು ತೂಗಿದ್ದ ಎಷ್ಟೋ ಮನೆಗಳ ಬಾಗಿಲಿನಿಂದ, ಯಾವ ದೇಶದವನೆಂದು ಕೇಳಿ, ಅವನನ್ನೂ ವಾಪಸು ಕಳಿಸಿದ್ದರು. ಕಣ್ಣು ಒರೆಸಿಕೊಂಡವನೇ, ಖಾಲಿಯಿದ್ದ ಹುದ್ದೆಗೆ ಹೆಂಡತಿಯ ಸೋದರಮಾವ ಗಿರಿಯಪ್ಪನನ್ನು ಕರೆಸಿಕೊಂಡ.

ಅಲ್ಲಿಗೆ ನಾಲ್ವರೂ ಪುತ್ತೂರಿನ ಸುತ್ತಮುತ್ತಲಿನವರೇ ಆದರು. ಮನೆಯಲ್ಲಿ ಸಲಾಂನದು ಬ್ಯಾರಿ, ಟ್ರೀಸಾಳದು ಕೊಂಕಣಿ, ನಿಜ. ಆದರೆ ಆಫೀಸಿಗೆ ಕಾಲಿಟ್ಟರೆ ಎಲ್ಲರದೂ ತುಳು. ಮಧ್ಯಾಹ್ನ ಎಲ್ಲರ ಡಬ್ಬಿಗೂ ಎಲ್ಲರ ಕೈ. ಇದರಲ್ಲಿ ಹೇಳಿಕೊಳ್ಳುವಂಥ ವೈವಿಧ್ಯವೇನಾದರೂ ಇದೆಯೆಂದು ಯಜ್ಞೇಶನಿಗೆ ಹೊಳೆದೇ ಇರಲಿಲ್ಲ. ನಮ್ಮವರು, ಅಷ್ಟೇ. ಹಾಗಾಗಿ ಅಮೆರಿಕಕ್ಕೆ ಮೊರಾಕೊ, ಬ್ರೆಜಿಲ್, ಪೆರು ಎಂದು ಬರೆದು ಕಳಿಸುತ್ತ ಬಂದಿದ್ದ. ಅಷ್ಟು ದೂರದಿಂದ ಯಾರು ನೋಡಲು ಬರುತ್ತಾರೆ?

ಬಂದೇಬಿಟ್ಟರು. “ನಿಮ್ಮ ಶಾಖೆಯ ವೈವಿಧ್ಯವನ್ನು ಖುದ್ದಾಗಿ ನೋಡಿ ಕ್ರಮ ಕೈಗೊಳ್ಳಲಾಗುವುದು” ಎಂದಿತ್ತು ಇಮೇಲ್. ಶಾಖೆ ಮುಚ್ಚಿದರೆ ನಾಲ್ವರ ವೀಸಾವೂ ಹೋಯಿತು. ಮಗಳು ಅಮಿತಾ ಹತ್ತನೆಯ ಕ್ಲಾಸು. ಮುಐದರ್‌ನ ಬಾಡಿಗೆ ಮನೆ ಖಾಲಿ ಮಾಡಿ, ಪರೀಕ್ಷೆಗೆ ಮೊದಲೇ ಅವಳನ್ನು ಊರಿನ ವಿಮಾನ ಹತ್ತಿಸಬೇಕು. ಅದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಸೈಮನ್ ಒಳಗೆ ಬಂದ. ಕಸೂತಿಯ ನಿಲುವಂಗಿ ತೊಟ್ಟ ಸಲಾಂನನ್ನು ನೋಡಿದ. ವಿಶ್ವಕಪ್ ಕಾಲದ ಹಳದಿ ಫುಟ್‌ಬಾಲ್ ಅಂಗಿ ತೊಟ್ಟ ಟ್ರೀಸಾ ಡಿಸೋಜಳನ್ನು ನೋಡಿದ. ಗಿರಿಯಪ್ಪನ ಟೊಪ್ಪಿ ನೋಡಿದ. ಅವನ ಮುಖ ಇಳಿಯುತ್ತ ಹೋಯಿತು. ಪಾಪ, ದೂರದ ಪ್ರಯಾಣದ ಸುಸ್ತು ಎಂದುಕೊಂಡ ಯಜ್ಞೇಶ್.

“ಇವರನ್ನೆಲ್ಲ ಹಿನ್ನೆಲೆ ನೋಡಿಯೇ ಆರಿಸಿದಿರಾ?”

“ಹಿನ್ನೆಲೆ ನೋಡದೆ ಒಬ್ಬರನ್ನೂ ತಕೊಂಡಿಲ್ಲ ಸರ್.” ಈ ಒಂದು ಮಾತಾದರೂ ಸತ್ಯವಾಗಿತ್ತು.

“ಯಾರಾದರೂ ಒತ್ತಾಯ ಮಾಡಿದರೋ?”

“ಇಲ್ಲ ಸರ್. ಇದು ನನ್ನ ನಂಬಿಕೆ.”

ಸೈಮನ್ ಉಸಿರು ಬಿಟ್ಟ. “ಮುಚ್ಚುಮರೆ ಇಲ್ಲದೆ ಹೇಳಿದಿರಿ, ಥ್ಯಾಂಕ್ಸ್. ಇಂಥ ಶಾಖೆ ಹುಡುಕಿಕೊಂಡೇ ನಾನು ಹೊರಟಿರುವುದು.”

ಯಜ್ಞೇಶ್ ಹಿಗ್ಗಿಹೋದ. ಗಿರಿಯಪ್ಪ ಸುಲೈಮಾನಿ ಚಹಾದ ಟ್ರೇ ಹಿಡಿದು ಬಂದದ್ದು ಆಗಲೇ. ಟೊಪ್ಪಿ ಕಣ್ಣಿನ ಮೇಲೆ ಜಾರಿತು, ಕಾಲು ಕಾರ್ಪೆಟಿಗೆ ತೊಡರಿತು, ಬಿಸಿ ಚಹಾ ಪೂರ್ತಿ ಅವನ ಕೈಮೇಲೆ ಸುರಿಯಿತು.

“ಅಯ್ಯೋ, ಗಿರಿಯಪ್ಪಣ್ಣ! ದಾದ ಆಂಡ್?”

ಏನಾಯಿತು ಎಂದು ಮೊರಾಕೊ ಕೂಗಿತು. ಬ್ರೆಜಿಲ್ ಅದನ್ನೇ ಕೂಗುತ್ತ ತಣ್ಣೀರಿಗೆ ಓಡಿತು. ಪೆರು ತುಳುವಿನಲ್ಲೇ ನರಳಿತು.

“ಇದು ಯಾವ ಭಾಷೆ?” ಎಂದ ಸೈಮನ್. “ಎಲ್ಲರಿಗೂ ಹೇಗೆ ಬರುತ್ತದೆ?”

 ಯಜ್ಞೇಶನಿಗೆ ಅಮಿತಾಳ ಮುಖ ಕಣ್ಣೆದುರು ಬಂತು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

“ಎಲ್ಲ ಸುಳ್ಳು ಸರ್. ಮೊರಾಕೊ ಇಲ್ಲ, ಪೆರು ಇಲ್ಲ. ನಾವೆಲ್ಲ ಒಂದೇ ಊರಿನ ಕಡೆಯವರು. ಇವರು ನನ್ನ ಹೆಂಡತಿಯ ಸೋದರಮಾವ. ವೈವಿಧ್ಯ ಅಂತ ಇಲ್ಲಿ ಎಂತದೂ ಇಲ್ಲ. ತಪ್ಪು ನನ್ನದು, ಇವರ ಹೊಟ್ಟೆಗೆ ಹೊಡೀಬೇಡಿ.”

ಸೈಮನ್ ಅವನನ್ನೇ ನೋಡಿದ. ಆಮೇಲೆ ಕುರ್ಚಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಮಿಸ್ಟರ್ ಯಜ್ಞೇಶ್, ಆ ನಿಯಮ ಸತ್ತು ತಿಂಗಳುಗಳಾದವು. ನಮ್ಮಲ್ಲಿ ಈಗ ಗಾಳಿ ತಿರುಗಿದೆ. ಇನ್ನೂ ಬಗೆಬಗೆಯ ಜನರನ್ನು ಸಾಕಿಕೊಂಡಿರುವ ಶಾಖೆಗಳಿಗೆ ಬೀಗ ಹಾಕಲು ನನ್ನನ್ನು ಕಳಿಸಿದ್ದಾರೆ. ನಿಮ್ಮದೇ ಮೊದಲನೆಯದು. ನೀವು ಈಗ ಹೇಳಿದ್ದು ನಿಜವಾದರೆ ಬೀಗ ಬೇಕಿಲ್ಲ.” ಅವನು ಉಳಿದವರ ಕಡೆ ತಿರುಗಿದ. “ಆದರೆ ನನಗೆ ಖಾತ್ರಿಯಾಗಬೇಕು. ನೀವೆಲ್ಲ ಒಂದೇ ತರಹದ ಜನ, ಒಂದೇ ಮನೆಮಾತು, ಒಂದೇ ಧರ್ಮ. ಒಂದಿಷ್ಟೂ ವ್ಯತ್ಯಾಸವಿಲ್ಲ ತಾನೇ?”

“ಇಲ್ಲವೇ ಇಲ್ಲ, ವಲ್ಲಾಹಿ!” ಎಂದ ಸಲಾಂ, “ಮಂಜುನಾಥ ಸ್ವಾಮಿ ಆಣೆ” ಎಂದ ಗಿರಿಯಪ್ಪ, “ಯೇಸುವಿನ ಮೇಲಾಣೆ ಸರ್” ಎಂದು ಟ್ರೀಸಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.