ಬಲಕ್ಕೆ ಬಿದ್ದ ಬೈತಲೆ

ತಾಯಿ ಬಾಚಣಿಗೆಯನ್ನು ಬಲಕ್ಕೆ ಎಳೆದಳು. ಕೂದಲು ಎಡಕ್ಕೆ ಬಿತ್ತು. ಮತ್ತೆ ಎಳೆದಳು. ಮತ್ತೆ ಬಿತ್ತು.

"ಅಮ್ಮಾ, ನೋಯುತ್ತೆ! ಏನ್ ಮಾಡ್ತಿದ್ದೀಯ?"

"ಸುಮ್ನೆ ಕೂತ್ಕೋ. ಕೂದಲೂ ನಿನ್ನಷ್ಟೇ ಮೊಂಡು."

ಎಡಮ್ಮ ಆಗಷ್ಟೇ ಲಾಂಡ್ರಿ ಕೆಲಸ ಮುಗಿಸಿ ಬಂದಿದ್ದಳು. ತಲೆಯ ಮೇಲಿನ ಟೋಪಿಯನ್ನೂ ತೆಗೆದಿರಲಿಲ್ಲ. ಬಾಚುವ ಮೊದಲು ತಾಯಿಯೇ ಕಿತ್ತಿದ್ದಳು. ಕೆಳಗೆ ಕೂದಲನ್ನು ಎಡಕ್ಕೆ ಬಿಗಿದ ಸಾಲು ಕ್ಲಿಪ್ಪುಗಳು.

"ಇದೇನೇ ಇಷ್ಟೊಂದು? ಲಾಂಡ್ರಿಗೆ ಬಂದ ಆ ಹೊಸ ಡ್ರೈವರನಿಗೆ ತೋರಿಸೋಕಾ? ಅದಕ್ಕೇ ಒಂದು ತಿಂಗಳಿಂದ ಕೆಲಸಕ್ಕೆ ಓಡೋಡಿ ಹೋಗ್ತೀಯ. ಮೊದಲು ಎಬ್ಬಿಸಬೇಕಾದ್ರೆ ನೀರು ಎರಚಬೇಕಿತ್ತು."

ಹುಡುಗಿಯ ಕೆನ್ನೆ ಕೆಂಪಾಯಿತು.

ಅವಳಿಗಳು ಹುಟ್ಟಿದಾಗ ಹೆತ್ತವಳಿಗೇ ಗುರುತು ಸಿಗಲಿಲ್ಲ. ಒಂದೇ ಮಗುವಿಗೆ ಎರಡು ಸಲ ಹಾಲು ಕುಡಿಸಿ ಇನ್ನೊಂದನ್ನು ಹಸಿವಿನಲ್ಲಿ ಬಿಟ್ಟ ದಿನ ಅವಳಿಗೆ ಉಪಾಯ ಹೊಳೆಯಿತು: ಒಬ್ಬಳಿಗೆ ಎಡಕ್ಕೆ ಬೈತಲೆ, ಇನ್ನೊಬ್ಬಳಿಗೆ ಬಲಕ್ಕೆ. ಇಟ್ಟ ಹೆಸರುಗಳು ಶಾಲೆಯ ಪಾಲಾದವು. ಮನೆಯಲ್ಲಿ ಎಡಮ್ಮ, ಬಲಮ್ಮ. ವರ್ಷಗಟ್ಟಲೆ ಬಾಚಿಸಿಕೊಂಡು ಕೂದಲೂ ಪಾಠ ಕಲಿಯಿತು. ಸ್ನಾನವಾದ ಮೇಲೆ ಹೇಗೆ ಕೊಡವಿದರೂ ತನ್ನ ದಿಕ್ಕಿಗೇ ಬೀಳುತ್ತಿತ್ತು.

ತಾಯಿಯ ಪ್ರೀತಿಯೂ ಹಾಗೆಯೇ. ಅದು ಬಲಕ್ಕೇ ಬೀಳುತ್ತಿತ್ತು. ಬಲಮ್ಮನಿಗೆ ಕಿಟಕಿ ಪಕ್ಕದ ಹಾಸಿಗೆ, ಹೊಸ ಬಟ್ಟೆ. ಎಡಮ್ಮನಿಗೆ ಅವಳ ಹಳೆಯದು, ಲಾಂಡ್ರಿಯ ಉಗಿ, ಇಸ್ತ್ರಿ ಸುಟ್ಟ ಗುಳ್ಳೆ.

ಈಗ ದೊಡ್ಡತ್ತೆ ಹೇಳಿ ಕಳಿಸಿದ್ದಳು. ತೀರಿಹೋದ ಅಪ್ಪನ ಅಕ್ಕ. ಇವರಿರುವ ಮನೆ ಅವಳದು. "ನನ್ನ ಕಣ್ಣು ಮುಚ್ಚೋವರೆಗೂ ನೋಡ್ಕೊಳ್ಳೋಕೆ ಒಂದು ಹುಡುಗಿ ಬೇಕು. ಆ ಬಾಯಿಬಡಕಿ ಎಡಗಡೆಯವಳು ಬೇಡ. ಬಲಗಡೆಯವಳನ್ನ ಕೊಡು. ಇಲ್ಲಾಂದ್ರೆ ಮನೆ ಖಾಲಿ ಮಾಡು." ಅವಳ ಮನೆಗೆ ಹಿಂದೆ ಇಬ್ಬರು ಹೋಗಿದ್ದರು. ಒಬ್ಬಳು ಬೆಂದ ಕೈ ಹೊತ್ತು ಬಂದಳು. ಇನ್ನೊಬ್ಬಳು ಬರಲೇ ಇಲ್ಲ. ಬಾಗಿಲಿಗೆ ಹೊರಗಿನಿಂದ ಬೀಗ. ಮೇಲಾಗಿ ಆ ವಂಶದಲ್ಲಿ ಮುದುಕಿಯರು ಬೇಗ ಸಾಯುವವರಲ್ಲ.

ತಾಯಿ ತುಂಬಾ ಹೊತ್ತು ಯೋಚಿಸಲಿಲ್ಲ.

"ಇವತ್ತಿಂದ ನೀನೇ ಬಲಮ್ಮ. ದೊಡ್ಡತ್ತೆ ಮನೆಗೆ ಹೋಗೋದು ನೀನು. ಯಾರಾದ್ರೂ ಕೇಳಿದ್ರೆ ಏನಂತೀಯ?"

ಹುಡುಗಿ ಕಿಟಕಿ ಪಕ್ಕದ ಹಾಸಿಗೆಯತ್ತ ತಿರುಗಿದಳು. ಅಲ್ಲಿದ್ದವಳು ತಿಂಗಳಿಂದ ತಲೆನೋವೆಂದು ಹಣೆಗೆ ಬಟ್ಟೆ ಬಿಗಿದು, ವರ್ಷಗಳ ನಿದ್ದೆ ಬಾಕಿಯಿದ್ದವಳಂತೆ ಮಲಗಿರುತ್ತಿದ್ದಳು. ಈಗ ಗೋಡೆ ಕಡೆ ಹೊರಳಿದಳು.

"ಅಮ್ಮಾ... ನಾನು ಬಲಮ್ಮ."

"ಅಳ್ತಾ ಅಲ್ಲ. ಗಟ್ಟಿಯಾಗಿ."

"ನಾನೇ ಅಮ್ಮಾ! ನಾನೇ ಬಲಮ್ಮ! ನನ್ನ ಮುಖ ನೋಡು!"

ತಾಯಿ ಚಪ್ಪಾಳೆ ತಟ್ಟಿದಳು. "ಭೇಷ್! ನನಗೇ ನಂಬಬೇಕು ಅನಿಸ್ತು. ಆದ್ರೆ ಇಷ್ಟು ಜೋರು ಬೇಡ, ಬಲಮ್ಮ ಕಿರುಚಲ್ಲ." ಹಾಸಿಗೆಯತ್ತ ತಿರುಗಿ ನಕ್ಕಳು. "ಹಾಗಾದ್ರೆ ನೀನ್ಯಾರೇ ನನ್ನ ಬಂಗಾರ?"

"ಬಲಮ್ಮ," ಎಂದಿತು ಹಾಸಿಗೆ, ಗೋಡೆಗೆ ಮುಖ ಮಾಡಿಯೇ.

"ನೋಡು, ಇಬ್ಬರು ಬಲಮ್ಮಂದಿರು. ಎಡಮ್ಮನ ಪೀಡೆ ತೊಲಗಿತು."

ಆಮೇಲೆ ಹುಡುಗಿ ಕಾಲು ಹಿಡಿದಳು, ಕೈ ಕಚ್ಚಿದಳು. ತಾಯಿ ಕೋಣೆಗೆ ಚಿಲಕ ಹಾಕಿದಳು. ಬೆಳಗ್ಗೆ ಸಂಜೆ ಒಳಗೆ ಹೋಗಿ ಕೂದಲು ಒದ್ದೆ ಮಾಡಿ, ಬಲಕ್ಕೆ ಬಾಚಿ, ಬಟ್ಟೆ ಬಿಗಿದು ಬರುತ್ತಿದ್ದಳು. "ಹಳೇ ಅಭ್ಯಾಸ, ಒಂದು ತಿಂಗಳಾದ್ರೂ ಬೇಕು," ಎಂದು ಎದುರುಮನೆಯ ಬ್ಯೂಟಿ ಪಾರ್ಲರಿನವಳು ಹೇಳಿದ್ದಳು. ವಾರ ತುಂಬುವುದರೊಳಗೆ ಕೂದಲು ಹೇಳಿದಂತೆ ಕೇಳಿತು. ಬಾಚಣಿಗೆ ಮುಟ್ಟುವ ಮೊದಲೇ ಬಲಕ್ಕೆ ಮಲಗಿತು. ತಾಯಿ ತನ್ನ ಕೈಗುಣಕ್ಕೆ ತಾನೇ ಬೀಗಿದಳು.

ದೊಡ್ಡತ್ತೆ ಕಾರಿನಲ್ಲಿ ಬಂದಳು. ಊರುಗೋಲಿನಿಂದ ಹುಡುಗಿಯ ಗಲ್ಲ ಎತ್ತಿದಳು.

"ಯಾರು ನೀನು?"

ಹುಡುಗಿ ತಾಯಿಯನ್ನು ನೋಡಿದಳು. ಆಮೇಲೆ ಒಂದೇ ಉಸಿರಿಗೆ, "ನಾನು ಎಡಮ್ಮ! ನನ್ನ ಕರ್ಕೊಂಡು ಹೋಗ್ಬೇಡಿ, ನಾನು ಎಡಮ್ಮ!"



ದೊಡ್ಡತ್ತೆ ಚೊಂಬಿನ ನೀರಲ್ಲಿ ಬೆರಳದ್ದಿ, ಹುಡುಗಿಯ ಕೂದಲನ್ನು ಎಡಕ್ಕೆ ಒತ್ತಿ ಸವರಿದಳು. ಕೈ ತೆಗೆದಳು. ಕೂದಲು ಮೆಲ್ಲನೆ ಎದ್ದು ಬಲಕ್ಕೆ ಬಿತ್ತು. ಇನ್ನೊಮ್ಮೆ. ಬಲಕ್ಕೇ.

"ಬಾಯಿಗೆ ಸುಳ್ಳು ಕಲಿಸಬಹುದು ಕಣೇ, ಕೂದಲಿಗಲ್ಲ. ನಡಿ."

ಕಾರಿನ ಬಾಗಿಲು ಮುಚ್ಚಿತು. ಗಾಜಿನ ಹಿಂದೆ ಒಂದು ಬಾಯಿ ತೆರೆದು ಮುಚ್ಚುತ್ತಿತ್ತು. ತಿರುವು ದಾಟುವವರೆಗೂ ತಾಯಿ ಕೈ ಬೀಸಿದಳು.

ಒಳಗೆ ಬಂದು ನೀರು ಕಾಯಿಸಿದಳು. ಮನೆ ಉಳಿಯಿತು, ಮಗಳೂ ಉಳಿದಳು. ಕಿಟಕಿ ಪಕ್ಕದವಳನ್ನು ಎಬ್ಬಿಸಿ, ಹಣೆಯ ಬಟ್ಟೆ ಬಿಚ್ಚಿ, ಮುದ್ದು ಮಾಡುತ್ತಾ ತಲೆಗೆ ಸ್ನಾನ ಮಾಡಿಸಿದಳು. ಬಿಸಿಲಿಗೆ ಕೂರಿಸಿ, ಟವೆಲಿನಿಂದ ಒರೆಸಿ, ಬಲಕ್ಕೆ ಬಾಚಿದಳು.

ಕೂದಲು ಎಡಕ್ಕೆ ಬಿತ್ತು.

ಮತ್ತೆ ಬಾಚಿದಳು. ಮತ್ತೆ ಬಿತ್ತು. ತಾಯಿಯ ಕೈ ಗಾಳಿಯಲ್ಲೇ ನಿಂತಿತು.

"ತಾನೇ ಬಲಮ್ಮ ಅಂತ ಅವಳು ಬಾಯಿಬಿಟ್ಟು ಹೇಳಿದ್ಲಲ್ಲಮ್ಮ," ಎಂದಳು ಮಗಳು, ಬಿಸಿಲಿಗೆ ಕಣ್ಣು ಮುಚ್ಚಿ, "ನೀನೇ ಚಪ್ಪಾಳೆ ತಟ್ಟಿದೆ."