ಕನ್ನಡಿ ನಕ್ಷೆ

ಹೇಜಲ್ ರಸ್ತೆಯತ್ತ ಧಾವಿಸುತ್ತಿದ್ದ ಫೈರ್ ಇಂಜಿನ್ನಿನ ಹಿಂಬದಿಯಲ್ಲಿ ಕಂಬಿ ಹಿಡಿದು ನಿಂತಿದ್ದ ಲಾಯ್ಡ್ ಪ್ರೂಯಿಟ್ ಮನಸ್ಸಿನಲ್ಲೇ ಒಂದು ಮನೆಯ ಎಡಬಲ ಅದಲುಬದಲು ಮಾಡುತ್ತಿದ್ದ.

ಫೋನ್ ಬಂದದ್ದು ಮಧ್ಯಾಹ್ನ ಮೂರಕ್ಕೆ. ವಿಲ್ಮಾ ಹಾಸ್ಕೆಲ್, ಹೇಜಲ್ ರಸ್ತೆ, ಬೆಂಕಿ, ಮಗು ಒಳಗಿದೆ. ಇಷ್ಟು ಹೇಳಿ ಆಕೆ ಇಟ್ಟುಬಿಟ್ಟಿದ್ದಳು.

"ಗಟ್ಟಿಗಿತ್ತಿ ಕಣಯ್ಯ. ಉರಿಯೋ ಮನೆಯೊಳಗಿಂದ್ಲೇ ಫೋನ್ ಮಾಡಿದಾಳೆ," ಎಂದ ದಳದ ಮುಖ್ಯಸ್ಥ, ಮುದುಕ ಕ್ರೆಸಿ. "ನಿಮ್ಮ ಪಕ್ಕದ್ಮನೆಯವಳೇ ಅಲ್ವೇನೋ?"

"ಹೂಂ. ಪೆಗಿ ಅಂತ ಮಗು. ಇನ್ನೂ ನಾಲ್ಕು ವರ್ಷ," ಎಂದ ಲಾಯ್ಡ್.

ಅವನ ಮಗಳು ಡಾಟಿಗೂ ನಾಲ್ಕೇ. ಸದ್ಯ, ಇವತ್ತು ಮಂಗಳವಾರ. ಮಂಗಳವಾರ ಹೆಂಡತಿ ಎಲೇನ್ ಡಾಟಿಯನ್ನು ಕರೆದುಕೊಂಡು ತವರಿಗೆ ಹೋಗುತ್ತಾಳೆ, ಬರುವುದು ಸಂಜೆಗೆ. ಬೆಳಗ್ಗೆ ಮಗು ಕೆಮ್ಮುತ್ತಿತ್ತು. ಇವನು ಅದರ ಹಣೆ ಮುಟ್ಟಿ ನೋಡಿ ಹೊರಟು ಬಂದಿದ್ದ.

ಕ್ಯಾಲಿಫೋರ್ನಿಯಾದ ಆ ಕಣಿವೆಯಲ್ಲಿ ನಾಲ್ಕು ವರ್ಷದ ಹಿಂದೆ ಬರೀ ನಿಂಬೆ ತೋಟವಿತ್ತು. ಸಾವಿರದ ಒಂಬೈನೂರ ಐವತ್ತನಾಲ್ಕರ ಹೊತ್ತಿಗೆ ಮುನ್ನೂರು ರಾಂಚ್ ಮನೆಗಳು. ತಗ್ಗು ಮಾಡು, ಒಂದೇ ಅಂತಸ್ತು, ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿ. ಕಟ್ಟಿಸಿದವನ ಹತ್ತಿರ ಇದ್ದದ್ದು ಒಂದೇ ಒಂದು ನಕ್ಷೆ. ಎಲ್ಲವೂ ಒಂದೇ ಥರ ಕಂಡರೆ ಜನ ಆಡಿಕೊಳ್ಳುತ್ತಾರೆಂದು ಪುಣ್ಯಾತ್ಮ ಒಂದು ಬಿಟ್ಟು ಒಂದಕ್ಕೆ ಅದೇ ನಕ್ಷೆಯನ್ನು ತಿರುಗಿಸಿ ಹಾಕಿದ. ಲಾಯ್ಡ್‌ನ ಮನೆಯಲ್ಲಿ ಬಾಗಿಲು ದಾಟಿದರೆ ಬಲಕ್ಕೆ ಮಲಗುವ ಕೋಣೆಗಳು, ಎಡಕ್ಕೆ ಅಡುಗೆಮನೆ, ಅದರಾಚೆ ಗ್ಯಾರೇಜು. ಹಾಸ್ಕೆಲ್‌ರ ಮನೆಯಲ್ಲಿ ಎಲ್ಲ ಉಲ್ಟಾ.

ಲಾಯ್ಡ್ ಬಡಗಿ. ಈ ಮನೆಗಳ ಚೌಕಟ್ಟಿಗೆ ಮೊಳೆ ಹೊಡೆದವರಲ್ಲಿ ಅವನೂ ಒಬ್ಬ. ವಾರಕ್ಕೊಂದು ದಿನ ದಳಕ್ಕೆ ಬಿಟ್ಟಿ ಸೇವೆ. ಠಾಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದು, ಜೊತೆಗಾರರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುತ್ತಿದ್ದ. "ಹೊಗೆಯಲ್ಲಿ ಕಾಲನ್ನ ನಂಬಬೇಡ್ರೋ. ಕಾಲು ತನ್ನ ಮನೆಗೇ ಹೋಗುತ್ತೆ. ಯಾರ ಮನೆ ಅಂತ ಮೊದಲು ತಲೆಯಲ್ಲಿ ಇಟ್ಕೊಳ್ಳಿ," ಎನ್ನುತ್ತಿದ್ದ. ಅವನಿಗೆ ಆ ವಿಷಯದಲ್ಲಿ ಸ್ವಲ್ಪ ಜಂಬವೂ ಇತ್ತೆನ್ನಿ.

ರಸ್ತೆಯ ಆ ಭಾಗವೇ ಕಾಣುತ್ತಿರಲಿಲ್ಲ. ಗಾಳಿ ಹೊಗೆಯನ್ನೆಲ್ಲ ಬೀದಿಗೆ ತಳ್ಳುತ್ತಿತ್ತು. ವಿಲ್ಮಾ ಕಂಡಲ್ಲಿ ಇಂಜಿನ್ ನಿಂತಿತು. ಹುಲ್ಲಿನ ಮೇಲೆ ಅವಳು ಕಿರುಚಿ ಕಿರುಚಿ ಗಂಟಲು ಕಟ್ಟಿಸಿಕೊಂಡಿದ್ದಳು. ಲಾಯ್ಡ್‌ನನ್ನು ಕಂಡದ್ದೇ ಅವನ ಕೋಟು ಹಿಡಿದಳು.

"ಒಂದೇ ನಿಮಿಷ ಆಚೆ ಹೋಗಿದ್ದೆ ಲಾಯ್ಡ್. ದೇವರಾಣೆ, ಒಂದೇ ನಿಮಿಷ."

"ಎಲ್ಲಿದಾಳೆ?"

"ಮಲಗಿಸಿದ್ದೆ. ಚಿಕ್ಕ ಕೋಣೇಲಿ. ನನ್ನನ್ನ ಕ್ಷಮಿಸಿಬಿಡಪ್ಪ."

ಇದು ಕ್ಷಮೆ ಕೇಳುವ ಹೊತ್ತೇ? ಗಾಬರಿಗೆ ಬಾಯಿಗೆ ಬಂದದ್ದು ಹೇಳುತ್ತಿದ್ದಾಳೆ ಅಂದುಕೊಂಡು ಕೈ ಬಿಡಿಸಿಕೊಂಡ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿ ಬಾಗಿಲೊಳಗೆ ಮಂಡಿಯೂರಿದ. ಬೆನ್ನಿಗೆ ಅವನ ಜೊತೆಗಾರ ಬಕ್.

ಒಳಗೆ ಕಣ್ಣು ಇದ್ದೂ ಇಲ್ಲದ ಹಾಗೆ. ಕಾಲುಗಳು ಬಲಕ್ಕೆ ಹೊರಳಿದವು. ಲಾಯ್ಡ್ ಅವುಗಳನ್ನು ಗದರಿಸಿ ಎಡಕ್ಕೆ ತಿರುಗಿಸಿದ. ನಾಲ್ಕು ಮಾರು ತೆವಳುವಷ್ಟರಲ್ಲಿ ಮೊಣಕಾಲಿಗೆ ಕಾಫಿ ಮೇಜಿನ ಮೂಲೆ ಬಡಿಯಿತು. ಹಾಸ್ಕೆಲ್‌ರೂ ನಮ್ಮ ಮನೆಯಂಥದೇ ಮೂರು ಕಾಲಿನ ಮೇಜು ತಂದಿದ್ದಾರೆ. ತರದೆ ಏನು, ಇಡೀ ಬೀದಿಗೆ ಇರುವುದು ಒಂದೇ ಅಂಗಡಿ.

ಕೋಣೆಗಳ ಓಣಿ ಸಿಗಬೇಕಾದಲ್ಲಿ ಕೈಗೆ ಫ್ರಿಜ್ ಸಿಕ್ಕಿತು.

ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ನೆನಪಾಯಿತು: ವಿಲ್ಮಾಳ ಗಂಡ ಹಾಸ್ಕೆಲ್ ಗೋಡೆ ಒಡೆದು ಅಡುಗೆಮನೆ ದೊಡ್ಡದು ಮಾಡುತ್ತೇನೆಂದು ವರ್ಷದಿಂದ ಬಡಾಯಿ ಕೊಚ್ಚುತ್ತಿದ್ದ. ಮಾಡಿಯೇಬಿಟ್ಟಿದ್ದಾನೆ, ಹಾಳಾದವನು. ಹಾಗಿದ್ದರೆ ಚಿಕ್ಕ ಕೋಣೆ ಇನ್ನೂ ಮುಂದೆ. ಗೋಡೆ ತಡವುತ್ತ ಮುಂದುವರಿದ.

ಹಿಂದೆ, ದೂರದಲ್ಲಿ, ಕೆಮ್ಮು ಕೇಳಿಸಿತು.

"ಬಟ್ಟೆ ಬಿಗಿಯಾಗಿ ಕಟ್ಕೊಳ್ಳೋ ಬಕ್," ಎಂದು ತಿರುಗದೆಯೇ ಕೂಗಿದ.

"ಕಟ್ಕೊಂಡಿದೀನಿ," ಎಂದ ಬಕ್, ಅವನ ಮಗ್ಗುಲಲ್ಲೇ.

ಕೊನೆಗೊಂದು ಬಾಗಿಲು ಸಿಕ್ಕಿತು. ಹೆಗಲು ಕೊಟ್ಟು ತಳ್ಳಿದ. ಆಚೆ ಸಿಮೆಂಟ್ ನೆಲ, ಪೆಟ್ರೋಲ್ ವಾಸನೆ. ಗ್ಯಾರೇಜು. ಹಾಸ್ಕೆಲ್ ಎಷ್ಟೇ ಗೋಡೆ ಒಡೆಯಲಿ, ಗ್ಯಾರೇಜು ಎದ್ದು ಈ ಕಡೆಗೆ ಬರುವುದುಂಟೇ? ಹಿಂದಕ್ಕೆ ಹೊರಳಿ, ಬಕ್‌ನನ್ನು ದಾಟಿಕೊಂಡು, ಬಲಗಡೆಯ ಓಣಿಯತ್ತ ದಬದಬ ತೆವಳಿದ. ಮುಂಬಾಗಿಲ ಹತ್ತಿರ ಬರುವಷ್ಟರಲ್ಲಿ ಆ ಕಡೆಯ ಮಾಡು ಪೂರ್ತಿ ಕುಸಿಯಿತು. ಬಕ್ ಅವನ ಕಾಲು ಹಿಡಿದು ಹೊರಕ್ಕೆ ಎಳೆದು ಹಾಕಿದ.

ಹುಲ್ಲಿನ ಮೇಲೆ ಬಿದ್ದುಕೊಂಡೇ ಲಾಯ್ಡ್ ಅತ್ತ. ಅಂಗೈ ಚರ್ಮ ಸುಲಿದದ್ದು ಅವನಿಗೆ ಗೊತ್ತಾಗಲಿಲ್ಲ. ವಿಲ್ಮಾಳ ಮುಖ ಹೇಗೆ ನೋಡಲಿ ಎಂದು ತಲೆಯೆತ್ತಿದರೆ, ಅವಳ ಲಂಗ ಹಿಡಿದು ಪೆಗಿ ನಿಂತಿದ್ದಳು. ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು.

ಹೋದ ಜೀವ ಬಂದಂತಾಯಿತು. "ಮಗು ಸಿಕ್ತಲ್ಲಾ," ಎಂದು ನಗತೊಡಗಿದ. "ಇಲ್ಲೇ ಇದಾಳಲ್ಲ ವಿಲ್ಮಾ, ನಿನ್ನ ಮಗು."

ವಿಲ್ಮಾ ನಗಲಿಲ್ಲ. ಮುದುಕ ಕ್ರೆಸಿ ಟೋಪಿ ತೆಗೆದ.

"ನೆಗಡಿ ಅಂತ ಎಲೇನ್ ಡಾಟೀನ ಕರ್ಕೊಂಡು ಹೋಗಲಿಲ್ಲ ಲಾಯ್ಡ್," ಎಂದಳು ವಿಲ್ಮಾ. "ನಿದ್ದೆ ಮಾಡ್ತಿದಾಳೆ, ಇಲ್ಲೇ ಕೂತು ನೋಡ್ಕೋ ಅಂದಿದ್ಲು."

ಅಷ್ಟರಲ್ಲಿ ಗಾಳಿ ತಿರುಗಿ ಹೊಗೆ ಸರಿಯಿತು. ಹಾಸ್ಕೆಲ್‌ರ ಮನೆ ಚೂರೂ ಮಸಿ ತಾಗದೆ ಪಕ್ಕದಲ್ಲಿ ನಿಂತಿತ್ತು.