ಎಲ್ಲಿ ಇಳಿಸಲಿ?

ಸರ್ಕಾರಿ ಕಣ್ಣಾಸ್ಪತ್ರೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಅಪ್ಪ ಚಪ್ಪಲಿ ಬಿಚ್ಚಿಟ್ಟು ಕುರ್ಚಿಯಲ್ಲಿ ಕೂತುಬಿಟ್ಟ.

"ನಾನು ಬರಲ್ಲ. ಆಪರೇಷನ್ ಬೇಡ."

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರಂತೆ!" ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೂರು ತಿಂಗಳು ಕಾದ ಮೇಲೆ ಸಿಕ್ಕಿರೋ ದಿನ ಕಣಪ್ಪಾ. ಇನ್ನೂ ತಡ ಮಾಡಿದ್ರೆ ಆ ಕಣ್ಣು ಹೋಗುತ್ತೆ ಅಂದಿದಾರೆ ಡಾಕ್ಟ್ರು. ಏನಾಯ್ತು ಈಗ?"

"ಏನಿಲ್ಲ. ಕಣ್ಣಿಗೆ ಪೊರೆ ಬಂದಿದೆ ಅಷ್ಟೇ ಅಂದ್ಕೊಂಡಿದ್ದೆ. ಊರಿಗೆಲ್ಲ ಹೊರೆ ಆಗಿದೀನಿ ಅಂತ ಇವತ್ತು ಗೊತ್ತಾಯ್ತು."

ಅಪ್ಪ ತೊಡೆಯ ಮೇಲಿದ್ದ ಪತ್ರಿಕೆಯನ್ನು ಭೂತಗನ್ನಡಿಯ ಸಮೇತ ಅವಳತ್ತ ಚಾಚಿದ. ಮಗಳು ಆ ಪತ್ರಿಕೆಯಲ್ಲೇ ವರದಿಗಾರ್ತಿ. ಅವಳು ಬರೆದದ್ದನ್ನು ಒಂದಕ್ಷರ ಬಿಡದೆ ಓದುವವನು ಬಹುಶಃ ಅವನೊಬ್ಬನೇ. ಇವತ್ತು ಮುಖಪುಟದಲ್ಲಿ ಅವಳದೇ ಲೇಖನ: 'ಹೆಚ್ಚುತ್ತಿರುವ ವೃದ್ಧರ ಹೊರೆ'.

ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. "ಅಯ್ಯೋ, ಅದು ನಿನ್ನ ಬಗ್ಗೆ ಅಲ್ಲಪ್ಪ! ಮಂತ್ರಿಗಳು, ಟಿವಿಯವರು, ಎಲ್ರೂ ಹಾಗೇ ಅಂತಾರೆ. ಒಂದು ಪದ ಅಷ್ಟೆ."

"ಬೇರೆ ಯಾವ ಪದ ಆಗಿದ್ರೂ ಸುಮ್ನಿರ್ತಿದ್ದೆ. ಇದು ನನ್ನ ಕಸುಬಿನ ಪದ." ನಲವತ್ತು ವರ್ಷ ರೈಲು ನಿಲ್ದಾಣದಲ್ಲಿ ಕೂಲಿಯಾಗಿದ್ದ ಅಪ್ಪನ ನೆತ್ತಿಯಲ್ಲಿ ಕೂದಲು ಹುಟ್ಟುವುದನ್ನೇ ಮರೆತಿತ್ತು. "ಹೊರೆ ಹೊತ್ತೋನಿಗೆ ತಲೇಲಿರೋದು ಒಂದೇ ಯೋಚ್ನೆ, ಎಲ್ಲಿ ಇಳಿಸಲಿ ಅಂತ. ಪೆಟ್ಟಿಗೆ ಒಳಗೆ ಚಿನ್ನ ಇದ್ಯೋ ಕಲ್ಲಿದ್ಯೋ, ಯಾವನು ನೋಡ್ತಾನೆ? ನೀನೂ ಕೊನೇಲಿ ಅದನ್ನೇ ಬರ್ದಿದೀಯ, ನೋಡು."

ಕೊನೆಯ ಸಾಲು ಅವಳಿಗೆ ಬಾಯಿಪಾಠವಿತ್ತು. ಆದರೂ ಬಗ್ಗಿ ಓದಿದಳು: 'ನಾಳೆ: ಹೊರೆ ಇಳಿಸಲು ಐದು ದಾರಿ.' ಆ ಐದರಲ್ಲಿ ಮೂರನೆಯದು, ಎಪ್ಪತ್ತು ದಾಟಿದವರಿಗೆ ಉಚಿತ ಶಸ್ತ್ರಚಿಕಿತ್ಸೆ ನಿಲ್ಲಿಸುವುದು. ನಿನ್ನೆ ಅದನ್ನು ಬರೆಯುವಾಗ ಕೈ ತಡೆದಿರಲಿಲ್ಲ. ಹೊರೆ ಎಂದ ಮೇಲೆ ಇಳಿಸುವುದು ಸಹಜವೇ ಅನ್ನಿಸಿತ್ತು. ಈಗ ಎದುರಿಗೆ ಕೂತಿದ್ದವನು ಎಪ್ಪತ್ತೆರಡರ ಮುದುಕ.

ಅಲ್ಲೇ ನಿಂತು ಕಚೇರಿಗೆ ಫೋನ್ ಮಾಡಿದಳು. "ಸರ್, ನಾಳೆಯ ಕಂತು ಹಾಕ್ಬೇಡಿ. ಬೇರೆ ಬರೀತೀನಿ."

ಸಂಪಾದಕರು ರೇಗಿದ್ದು ಅಪ್ಪನಿಗೂ ಕೇಳಿಸಿತು. "ಹೊರೆ ಅನ್ನದೆ ಇನ್ನೇನಂತೀಯಮ್ಮ?"

"ಗೊತ್ತಿಲ್ಲ ಸರ್. ಆಸ್ಪತ್ರೆಗೆ ಹೋಗಿ ಬಂದು ಹೇಳ್ತೀನಿ."

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ಮೆಟ್ಟಿಲು ಸರಿಯಾಗಿ ಕಾಣದ್ದರಿಂದ ಅವಳ ತೋಳು ಹಿಡಿದು ಇಳಿಯತೊಡಗಿದ. ಅರ್ಧ ಇಳಿದ ಮೇಲೆ ಅವಳು ಕೇಳಿದಳು:

"ಅಪ್ಪಾ, ಸಣ್ಣೋಳಿದ್ದಾಗ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಶಾಲೆಗೆ ಬಿಡ್ತಿದ್ಯಲ್ಲ. ಆಗ್ಲೂ ಎಲ್ಲಿ ಇಳಿಸಲಿ ಅಂತಾನೇ ಅನ್ನಿಸ್ತಿತ್ತಾ?"

"ಥೂ ಹುಚ್ಚಿ," ಎಂದ ಅಪ್ಪ. "ಶಾಲೆ ಇನ್ನೊಂದಿಷ್ಟು ದೂರ ಇರಬಾರದಿತ್ತಾ ಅನ್ನಿಸ್ತಿತ್ತು."